ಬಾಲ್ಟಿಕ್ ಸಮುದ್ರದ ತಳಶಿಲೆ ಮತ್ತು ದ್ರೋಣಿ

ಉತ್ತರ ಯೂರೋಪಿನ ಬಾಲ್ಟಿಕ್, ನೆಲದಿಂದ ಬಹುಪಾಲು ಆವೃತವಾದ ಒಳನಾಡಿನ ಸಮುದ್ರ. ಅದರ ಸರಾಸರಿ ಆಳ ಸುಮಾರು 55 ಮೀಟರ್. ಸ್ವೀಡನ್ನಿನ ಲ್ಯಾಂಡ್‌ಸೋರ್ಟ್ ಬಳಿಯ ಅತ್ಯಂತ ಆಳವಾದ ಕುಳಿ 459 ಮೀಟರ್. ಈಗಿನ ರೂಪದಲ್ಲಿ ಈ ಸಮುದ್ರಕ್ಕೆ ಕೆಲವೇ ಸಾವಿರ ವರ್ಷಗಳ ವಯಸ್ಸು. ಅದನ್ನು ಹೊತ್ತ ಶಿಲೆಗಳಾದರೋ ಅತಿ ಪುರಾತನವಾದವು. ಸಮುದ್ರದ ಇಂದಿನ ಸಂಕಟದ ಒಂದು ಕಾರಣವೂ ಈ ಶಿಲೆಗಳ ಇತಿಹಾಸದಲ್ಲಿಯೇ ಅಡಗಿದೆ.

ಸಮುದ್ರದ ಉತ್ತರ ಭಾಗದ ತಳದಲ್ಲಿರುವುದು ಫೆನ್ನೋಸ್ಕ್ಯಾಂಡಿಯದ ಶಿಲಾಫಲಕ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಹುಭಾಗ ಸುಮಾರು 180ರಿಂದ 190 ಕೋಟಿ ವರ್ಷಗಳ ಹಿಂದೆ, ಪರ್ವತಗಳು ಮೇಲೆದ್ದ ಕಾಲದಲ್ಲಿ ರೂಪುಗೊಂಡವು. ಕಾಲಾಂತರದಲ್ಲಿ ಆ ಪರ್ವತಗಳು ಸವೆದು ಬಯಲಾದವು. ಬೋತ್ನಿಯ ಸಮುದ್ರದ ಅಡಿಯಲ್ಲಿ, ಬಿರುಕುಗಳ ನಡುವೆ ಕುಸಿದ ಪುರಾತನ ಮರಳುಗಲ್ಲು ಇನ್ನೂ ಉಳಿದಿದೆ. ದಕ್ಷಿಣಕ್ಕೆ ಫಲಕವು ಓರೆಯಾಗಿ ಕೆಳಗಿಳಿಯುತ್ತದೆ. ಅದರ ಮೇಲೆ ಕೇಂಬ್ರಿಯನ್ ಯುಗದ ಮರಳುಗಲ್ಲು, ಆರ್ಡೊವಿಶಿಯನ್ ಮತ್ತು ಸೈಲೂರಿಯನ್ ಯುಗಗಳ ಸುಣ್ಣಕಲ್ಲು ಪದರಪದರವಾಗಿ ಕೂಡಿವೆ. ಗಾಟ್‌ಲೆಂಡ್ ದ್ವೀಪದ ಸುಣ್ಣಕಲ್ಲಿನಲ್ಲಿ ಹವಳದ ಅವಶೇಷಗಳಿವೆ. ಆ ಭೂಭಾಗ ಆಗ ಭೂಮಧ್ಯರೇಖೆಯ ಸಮೀಪದ ಬೆಚ್ಚನೆಯ ಕಡಲಿನಲ್ಲಿತ್ತು.

ಮುಂದೆ ಈ ಮೃದು ಪದರಗಳನ್ನು ಮೊದಲು ಎರಿಡಾನೋಸ್ ಎಂದು ಭೂವಿಜ್ಞಾನಿಗಳು ಕರೆಯುವ ಮಹಾನದಿಯೂ, ಬಳಿಕ ಹಿಮಯುಗಗಳ ಹಿಮರಾಶಿಯೂ ಕೊರೆದವು. ಗಟ್ಟಿ ಸುಣ್ಣಕಲ್ಲು ಎಸ್ಟೋನಿಯದ ಉತ್ತರ ತೀರದಲ್ಲಿ ಕಡಿದಾದ ಬಂಡೆಗೋಡೆಯಾಗಿ ನಿಂತಿತು. ಹೀಗೆ ಈ ದ್ರೋಣಿಯ ಇಂದಿನ ಆಕಾರ ಬಹುಮಟ್ಟಿಗೆ ಸವೆತದ ಫಲ.

ಸುಮಾರು 20,000 ವರ್ಷಗಳ ಹಿಂದೆ ಇಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಕವಿದಿತ್ತು. ಅದರ ಭಾರಕ್ಕೆ ನೆಲ ತಗ್ಗಿತು. ಹಿಮ ಕರಗಿದ ಮೇಲೆ ಮೆಲ್ಲನೆ ಏಳತೊಡಗಿತು. 1731ರಲ್ಲಿ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಕರಾವಳಿಯ ಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಕೆತ್ತಿಸಿದನು. ನೀರೇ ಕಡಿಮೆಯಾಗುತ್ತಿದೆಯೆಂದು ಅವನು ಭಾವಿಸಿದ್ದನು. ಹಿಮದ ಭಾರದಿಂದ ನೆಲ ತಗ್ಗಿ ಮತ್ತೆ ಏಳುವುದೆಂಬ ವಿವರಣೆಯನ್ನು 1865ರಲ್ಲಿ ಥಾಮಸ್ ಜೇಮಿಸನ್ ಮುಂದಿಟ್ಟನು. ಬೋತ್ನಿಯ ಕೊಲ್ಲಿಯ ಉತ್ತರ ತೀರದಲ್ಲಿ ನೆಲ ಇಂದಿಗೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತಿದೆ.

ದ್ರೋಣಿಯ ಪಶ್ಚಿಮ ದ್ವಾರ ಮಾತ್ರ ಇಕ್ಕಟ್ಟಾದುದು. ಅಲ್ಲಿನ ಡಾರ್ಸ್ ಎಂಬ ಹೊಸ್ತಿಲಿನ ಮೇಲೆ ನೀರಿನ ಆಳ ಸುಮಾರು 18 ಮೀಟರ್ ಅಷ್ಟೆ. ಆದುದರಿಂದ ಉತ್ತರ ಸಮುದ್ರದ ಆಮ್ಲಜನಕಯುಕ್ತ ಉಪ್ಪುನೀರು ಗಾಳಿಯ ಪ್ರಬಲ ಒತ್ತಡ ಒದಗಿದಾಗಷ್ಟೇ ಹೇರಳವಾಗಿ ಒಳನುಗ್ಗಿ ಆಳದ ಕುಳಿಗಳನ್ನು ತಲುಪುತ್ತದೆ. ಉಳಿದ ಕಾಲದಲ್ಲಿ ತಳದ ನೀರು ನಿಂತು ಉಸಿರುಗಟ್ಟುತ್ತದೆ. ಹೊಲ ಮತ್ತು ನಗರಗಳಿಂದ ಹರಿದುಬರುವ ಪೋಷಕಾಂಶಗಳು ಆ ಸ್ಥಿತಿಯನ್ನು ಉಲ್ಬಣಗೊಳಿಸುತ್ತವೆ. ಸಮುದ್ರದ ರಕ್ಷಣೆಗೆಂದು ತೀರದ ದೇಶಗಳು 1974ರಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡವು. ಆದರೆ ಇಲ್ಲಿನ ನೀರು ಬದಲಾಗಲು ಸುಮಾರು ಮೂರು ದಶಕಗಳೇ ಬೇಕಾಗುವುದರಿಂದ, ಇಂದು ಕೈಗೊಂಡ ಪರಿಹಾರದ ಫಲ ಮುಂದಿನ ತಲೆಮಾರಿಗೆ ಸಲ್ಲುವಂತಹುದು.