ಕೌದಿ ಹೊಲಿದ ಕೈಗೆ ಕಸೂತಿ ದೂರವಲ್ಲ

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯಬಲ್ಲ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಕಸೂತಿ ಎಂದಾಗ ಮಾತ್ರ ಅದು ಧಾರವಾಡದವರ ವಿದ್ಯೆ ಎಂದು ಹಿಂಜರಿಯುವವರುಂಟು. ಹಿಂಜರಿಯಬೇಕಾದ ಕಾರಣವೇ ಇಲ್ಲ. ಕಸೂತಿ ಧಾರವಾಡದ್ದಾದಂತೆ ವಿಜಾಪುರ ಸೀಮೆಯದೂ ಹೌದು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇಳಕಲ್ಲೂ ಇದೇ ಜಿಲ್ಲೆಯ ಊರು. ಕಸೂತಿಯ ತೇರು, ಗೋಪುರ, ಆನೆ, ತುಳಸಿಕಟ್ಟೆಗಳು ಮೂಡುತ್ತ ಬಂದದ್ದು ಇಳಕಲ್ಲ ಸೀರೆಯ ಮೇಲೆ. ಊರಿನ ನಂಟಿಗಿಂತ ಗಟ್ಟಿಯಾದ ಆಧಾರ ಹೊಲಿಗೆಯಲ್ಲೇ ಇದೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೆಂತೆಯೊಂದು ಅಡ್ಡ ಗೀಟಿನ, ಅಂದರೆ ಗುಣಿಸು ಚಿಹ್ನೆಯ ಹೊಲಿಗೆ. ಉಳಿದ ಮೂರರ ಬೇರು ಕೌದಿಯ ಸಾದಾ ಹೊಲಿಗೆಯೇ: ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಗವಂತಿಯನ್ನೇ ನೋಡಿ. ಚೌಕಗಳು ಎದ್ದು ಕಾಣುವ ಮ್ಯಾಟಿ ಬಟ್ಟೆಯಲ್ಲಿ ಒಂದು ಚೌಕದ ಮೇಲೆ ದಾರ ಹಾಯಿಸಿ, ಮುಂದಿನದರ ಕೆಳಗೆ ಹಾಯಿಸಿ, ಹೀಗೆಯೇ ಸಾಲಿನ ತುದಿ ಮುಟ್ಟಬೇಕು. ಆಗ ಕಾಣುವುದು ನಡುನಡುವೆ ಬಿಟ್ಟುಹೋದ ಗೀಟು. ಅಲ್ಲಿಂದ ತಿರುಗಿ ಅವೇ ತೂತುಗಳಲ್ಲಿ ಹಿಂದೆ ಬರುತ್ತ ಬಿಟ್ಟ ಜಾಗ ತುಂಬಿದರೆ ಗೀಟು ಪೂರ್ಣ, ಅದೂ ಎರಡೂ ಬದಿ ಒಂದೇ ಥರ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಹುದುಗಿಸಬೇಕು. ಇದೇ ಹೋಗಿಬರುವ ಓಟವನ್ನು ಮೆಟ್ಟಿಲು ಮೆಟ್ಟಿಲಾಗಿ ನಡೆಸಿದರೆ ಮುರಗಿ. ತಿರುಗಿ ಬರದೆ, ಉದ್ದ ಗಿಡ್ಡ ಎಳೆಗಳನ್ನು ಸಾಲುಸಾಲಾಗಿ ತುಂಬಿ ನೇಯ್ದಂತೆ ಕಾಣಿಸಿದರೆ ನೇಗಿ.

ಕೌದಿಯ ದಾರ ದಪ್ಪ, ಹೊಲಿಗೆ ದೊಡ್ಡದು, ಆ ಒರಟು ಕೈಗೆ ನಾಜೂಕು ಬರುವುದೆಲ್ಲಿಂದ ಎಂಬ ಆಕ್ಷೇಪವಿದೆ. ನಿಜ, ಆದರೆ ಅರ್ಧ ನಿಜ. ಪದರುಗಳು ಸರಿಯದಂತೆ ಹಿಡಿದು, ಸಾಲು ಸೊಟ್ಟಗಾಗದಂತೆ ಹಾಸುವಷ್ಟು ಅಗಲಕ್ಕೂ ಒಂದೇ ಬಿಗಿಯಲ್ಲಿ ದಾರ ಎಳೆಯುವುದು ಒರಟು ಕೆಲಸವಲ್ಲ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಆ ಬಿಗಿಯಲ್ಲೇ. ಕೌದಿಯವರು ಹೊಸದಾಗಿ ಕಲಿಯಬೇಕಾದ್ದು ಎಳೆ ಎಣಿಸುವುದನ್ನು. ಎಣಿಕೆ ಒಂದು ಎಳೆ ತಪ್ಪಿದರೂ ಗೋಪುರದ ಎರಡು ಮಗ್ಗುಲು ಕೂಡುವುದಿಲ್ಲ, ಆ ತಪ್ಪಿಗೆ ಬಿಚ್ಚುವುದೊಂದೇ ದಾರಿ. ಆದ್ದರಿಂದ ಮೊದಲಿಗೇ ಸೀರೆ ಬೇಡ, ಅಂಗೈಯಗಲದ ಮ್ಯಾಟಿ ಬಟ್ಟೆ ಸಾಕು. ಮಷಿನ್ ಇರುವಾಗ ಇಷ್ಟು ಕಷ್ಟ ಯಾಕೆ ಎನ್ನುವವರಿಗೆ ಉತ್ತರ ಬಟ್ಟೆಯ ಹಿಂಬದಿಯಲ್ಲಿದೆ. ಕಸೂತಿ ಮಷಿನ್ ಮೇಲೊಂದು, ಕೆಳಗೊಂದು ದಾರ ಕೊಂಡಿ ಹಾಕಿಯೇ ಹೊಲಿಯುತ್ತದೆ. ಗವಂತಿಯಲ್ಲಿ ಒಂದೇ ದಾರ ಹೋಗಿ ಬರುತ್ತದೆ. ಸೆರಗು ಗಾಳಿಗೆ ಮಗುಚಿದಾಗ ಕೈಕಸೂತಿಯನ್ನು ಬಲ್ಲವರು ಗುರುತಿಸುವುದು ಅಲ್ಲೇ.