ಮೈಕೆಲ್ ಕರ್ಬಿ: ಭಿನ್ನ ತೀರ್ಪುಗಳ ನ್ಯಾಯಮೂರ್ತಿ

ಮೈಕೆಲ್ ಕರ್ಬಿ 2009ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಹೈಕೋರ್ಟಿನಿಂದ ನಿವೃತ್ತರಾದರು. ಅವರಷ್ಟು ದೀರ್ಘಕಾಲ ನ್ಯಾಯಾಂಗದ ಹುದ್ದೆಗಳಲ್ಲಿದ್ದವರು ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಲ್ಲಿನ ಏರ್ಪಾಡು ನಮ್ಮದಕ್ಕೆ ತಿರುಗುಮುರುಗು: ರಾಜ್ಯಗಳಲ್ಲಿರುವುದು ಸುಪ್ರೀಂ ಕೋರ್ಟು, ಇಡೀ ದೇಶಕ್ಕೆ ಕೊನೆಯ ಮಾತು ಹೈಕೋರ್ಟಿನದು. ಏಳು ನ್ಯಾಯಮೂರ್ತಿಗಳ ಆ ಪೀಠದಲ್ಲಿ ಕರ್ಬಿ ಹದಿಮೂರು ವರ್ಷ ಕುಳಿತರು. ಬಹುಮತಕ್ಕೆ ಸೇರದ ಅವರ ತೀರ್ಪುಗಳೇ ಅವರಿಗೆ ಹೆಚ್ಚು ಹೆಸರು ತಂದವು.

ಅವರು ಹುಟ್ಟಿದ್ದು 1939ರ ಮಾರ್ಚ್ 18ರಂದು, ಸಿಡ್ನಿಯಲ್ಲಿ. ಓದಿದ್ದು ಸರ್ಕಾರಿ ಶಾಲೆಗಳಲ್ಲಿ. ಮುಂದೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಕಲೆ, ಕಾನೂನು, ಅರ್ಥಶಾಸ್ತ್ರದ ಪದವಿಗಳು. 1975ರಲ್ಲಿ, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ, ಕಾರ್ಮಿಕ ವ್ಯಾಜ್ಯಗಳನ್ನು ತೀರ್ಮಾನಿಸುವ ಆಯೋಗದ ಉಪಾಧ್ಯಕ್ಷರಾದರು. ಅದೇ ವರ್ಷ ಹೊಸದಾಗಿ ಕೆಲಸ ಶುರುಮಾಡಿದ ಕಾನೂನು ಸುಧಾರಣಾ ಆಯೋಗಕ್ಕೆ ಮೊದಲ ಅಧ್ಯಕ್ಷರೂ ಆದರು. ಇಂಥ ಆಯೋಗಗಳ ವರದಿಗಳು ಸಾಮಾನ್ಯವಾಗಿ ಕಪಾಟು ಸೇರುತ್ತವೆ. ಕರ್ಬಿ ಅದಕ್ಕೆ ಬಿಡಲಿಲ್ಲ. ಸಾರ್ವಜನಿಕ ಅಹವಾಲು ಸಭೆ ನಡೆಸಿದರು, ರೇಡಿಯೊ, ಟಿ.ವಿ.ಗಳಲ್ಲಿ ಕುಳಿತು ವಿಷಯವನ್ನು ಜನರಿಗೆ ಬಿಡಿಸಿ ಹೇಳಿದರು. ಅಂಗಾಂಗ ಕಸಿಯ ಬಗ್ಗೆ ಆಯೋಗ 1977ರಲ್ಲಿ ಕೊಟ್ಟ ವರದಿ ರಾಜ್ಯಗಳ ಕಾಯ್ದೆಗಳಿಗೆ ಬುನಾದಿಯಾಯಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 1980ರಲ್ಲಿ ಹೊರಡಿಸಿದ ಖಾಸಗಿ ಮಾಹಿತಿ ರಕ್ಷಣೆಯ ಮಾರ್ಗಸೂಚಿಯನ್ನು ರೂಪಿಸಿದ ತಜ್ಞರ ತಂಡಕ್ಕೂ ಅವರೇ ಅಧ್ಯಕ್ಷರು. ಕಂಪ್ಯೂಟರು ಇನ್ನೂ ಹೆಚ್ಚಿನ ಮನೆಗಳಿಗೆ ಕಾಲಿಟ್ಟಿರದ ಕಾಲವದು.

1984ರಲ್ಲಿ ಅವರು ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷರಾದರು. ಆ ವರ್ಷವೇ ಬಂದ ಆಸ್ಮಂಡ್ ಪ್ರಕರಣದಲ್ಲಿ, ಬಡ್ತಿ ತಪ್ಪಿದ ನೌಕರನಿಗೆ ಸರ್ಕಾರಿ ಮಂಡಳಿ ಕಾರಣ ತಿಳಿಸಲೇಬೇಕು ಎಂದರು. 1986ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು.

ಅವರ ನ್ಯಾಯದೃಷ್ಟಿ ಹೊಸ ದಾರಿ ಹಿಡಿದದ್ದು ಬೆಂಗಳೂರಿನಲ್ಲಿ. 1988ರ ಫೆಬ್ರುವರಿಯಲ್ಲಿ, ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಅಧ್ಯಕ್ಷತೆಯಲ್ಲಿ, ಹಲವು ದೇಶಗಳ ನ್ಯಾಯಾಧೀಶರು ಅಲ್ಲಿ ಸೇರಿದ್ದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಏರಿದ ರೂತ್ ಬೇಡರ್ ಗಿನ್ಸ್‌ಬರ್ಗ್ ಕೂಡ ಬಂದಿದ್ದರು. ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಗಳನ್ನು ದೇಶದೊಳಗಿನ ನ್ಯಾಯಾಲಯಗಳು ಎಷ್ಟರಮಟ್ಟಿಗೆ ಬಳಸಬಹುದು ಎಂಬುದು ಚರ್ಚೆಯ ವಿಷಯ. ಆಸ್ಟ್ರೇಲಿಯದ ವಕೀಲರು ಕಲಿತ ಪಾಠ ಸರಳವಾಗಿತ್ತು: ಒಪ್ಪಂದಕ್ಕೆ ಸಹಿ ಹಾಕುವುದು ಸರ್ಕಾರ, ಸಂಸತ್ತು ಶಾಸನ ಮಾಡುವ ತನಕ ಅದಕ್ಕೆ ಕಾನೂನಿನ ಬಲವಿಲ್ಲ. ಕರ್ಬಿ ಅದೇ ಪಾಠದಲ್ಲಿ ಬೆಳೆದವರು. ಆ ಸಭೆ ಹೊರಡಿಸಿದ ‘ಬೆಂಗಳೂರು ತತ್ವಗಳು’ ಒಂದು ನಡುದಾರಿ ತೋರಿಸಿದವು. ದೇಶದ ಕಾನೂನು ಸ್ಪಷ್ಟವಾಗಿದ್ದರೆ ಅದೇ ನಡೆಯಬೇಕು. ಅಸ್ಪಷ್ಟವಾಗಿದ್ದರೆ, ಅಥವಾ ಆ ವಿಷಯದಲ್ಲಿ ಕಾನೂನು ಮೌನವಾಗಿದ್ದರೆ, ನ್ಯಾಯಾಧೀಶರು ಅಂತರರಾಷ್ಟ್ರೀಯ ಮಾನದಂಡಗಳತ್ತ ನೋಡಬಹುದು. ಊರಿಗೆ ಮರಳಿದ ಕರ್ಬಿ ಅದೇ ವರ್ಷ, ವಿಚಾರಣೆಯ ವಿಳಂಬಕ್ಕೆ ಸಂಬಂಧಿಸಿದ ಜೇಗೊ ಪ್ರಕರಣದಲ್ಲಿ ಈ ತತ್ವಗಳನ್ನು ಉಲ್ಲೇಖಿಸಿದರು. ತಮ್ಮ ಯೋಚನೆಯನ್ನು ಬೆಂಗಳೂರು ಬದಲಿಸಿತು ಎಂಬುದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

ಈ ನಗರದ ಹೆಸರು ಅವರ ಬದುಕಿನಲ್ಲಿ ಮತ್ತೊಮ್ಮೆ ಬರುತ್ತದೆ. ಶ್ರೀಲಂಕಾದ ನ್ಯಾಯಮೂರ್ತಿ ಸಿ.ಜಿ. ವೀರಮಂತ್ರಿ ನೇತೃತ್ವದ ನ್ಯಾಯಾಂಗ ಪ್ರಾಮಾಣಿಕತೆಯ ಗುಂಪು ನ್ಯಾಯಾಧೀಶರ ನಡತೆಗೆ ಒಂದು ಸಂಹಿತೆ ಬರೆಯಿತು. ಆ ಗುಂಪಿನ ಚರ್ಚೆಗಳನ್ನು ವರದಿಯಾಗಿ ಬರೆಯುವ ಹೊಣೆ ಕರ್ಬಿಯವರದು. ಕರಡು ಒಪ್ಪಿಗೆ ಪಡೆದದ್ದು 2001ರಲ್ಲಿ ಬೆಂಗಳೂರಿನಲ್ಲಿ, ಅಂತಿಮ ರೂಪ ಪಡೆದದ್ದು 2002ರಲ್ಲಿ ಹೇಗ್‌ನಲ್ಲಿ. ‘ನ್ಯಾಯಾಂಗ ನಡತೆಯ ಬೆಂಗಳೂರು ತತ್ವಗಳು’ ಎಂದೇ ಅದು ಈಗ ಜಗತ್ತಿನಾದ್ಯಂತ ಪರಿಚಿತ. ಹಿಂದಿನ ತತ್ವಗಳೇ ಬೇರೆ, ಇವೇ ಬೇರೆ. ಎರಡನ್ನೂ ಒಂದೆಂದುಕೊಳ್ಳುವವರು ಇದ್ದಾರೆ.

1996ರಲ್ಲಿ ಹೈಕೋರ್ಟು ಸೇರಿದ ವರ್ಷವೇ ಅವರು ಗೆದ್ದ ಪಕ್ಷದಲ್ಲಿದ್ದರು: ಜಾನುವಾರು ಮೇಯಿಸಲು ಗುತ್ತಿಗೆ ಕೊಟ್ಟ ನೆಲದಲ್ಲೂ ಮೂಲನಿವಾಸಿಗಳ ಹಕ್ಕು ಉಳಿಯಬಹುದು ಎಂದ ವಿಕ್ ತೀರ್ಪಿನ ನಾಲ್ವರಲ್ಲಿ ಅವರೂ ಒಬ್ಬರು. ಆಮೇಲೆ ಬೇರೆಯಾಗುವುದು ಹೆಚ್ಚಾಯಿತು. 2004ರಲ್ಲಂತೂ ಅವರು ಕುಳಿತ ಪ್ರಕರಣಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲಿನಲ್ಲಿ ಭಿನ್ನ ತೀರ್ಪು ಬರೆದರು. ಆ ವರ್ಷದ ದೊಡ್ಡ ಪ್ರಕರಣ ಅಲ್-ಕತೇಬ್. ಕುವೈತಿನಲ್ಲಿ ಹುಟ್ಟಿದ, ಯಾವ ದೇಶದ ಪೌರತ್ವವೂ ಇಲ್ಲದ ಪ್ಯಾಲೆಸ್ಟೀನಿಯನ್ನನನ್ನು ಹೊರಗೆ ಕಳಿಸಲು ಜಾಗವಿರಲಿಲ್ಲ. ಅಂಥವನನ್ನು ಕೊನೆಯಿಲ್ಲದೆ ಬಂಧನದಲ್ಲಿಡಬಹುದು ಎಂದು ನಾಲ್ವರು ತೀರ್ಮಾನಿಸಿದರು. ಮೂವರು ಒಪ್ಪಲಿಲ್ಲ, ಕರ್ಬಿ ಆ ಮೂವರಲ್ಲಿದ್ದರು. ಸಂವಿಧಾನವನ್ನೂ ಅಂತರರಾಷ್ಟ್ರೀಯ ಕಾನೂನಿನ ಬೆಳಕಿನಲ್ಲಿ ಓದಬೇಕೆಂಬ ಅವರ ವಾದವನ್ನು ಬಹುಮತದ ನ್ಯಾಯಮೂರ್ತಿ ಮೆಕ್‌ಹ್ಯೂ ಖಾರವಾಗಿಯೇ ಟೀಕಿಸಿದರು. 2023ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಒಮ್ಮತದಿಂದ ಅಲ್-ಕತೇಬ್ ತೀರ್ಪನ್ನು ಬದಿಗೆ ಸರಿಸಿತು. ನೂರಕ್ಕೂ ಹೆಚ್ಚು ಜನರಿಗೆ ಬಿಡುಗಡೆ ದೊರೆಯಿತು. ಇದನ್ನು ಕರ್ಬಿಯವರ ಪೂರ್ಣ ಗೆಲುವು ಎನ್ನಲಾಗದು. ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಂಗಕ್ಕೆ ಮಾತ್ರ ಸೇರಿದ್ದು ಎಂಬ ಆಧಾರದ ಮೇಲೆ ಆ ತೀರ್ಪು ನಿಂತಿತು. ಸಂವಿಧಾನ ಓದುವ ಅವರ ವಿಧಾನವನ್ನು ಬಹುಮತ ಒಪ್ಪಿದ್ದಿಲ್ಲ.

ಎಲ್ಲ ವಿಷಯದಲ್ಲೂ ಬದಲಾವಣೆ ಬಯಸಿದವರೆಂದು ಅವರನ್ನು ತಿಳಿಯುವುದು ತಪ್ಪು. ದೇಶ ಗಣರಾಜ್ಯವಾಗಬೇಕೆಂಬ ಕೂಗು ಜೋರಾಗಿದ್ದ 1992ರಲ್ಲಿ, ರಾಜಪ್ರಭುತ್ವವನ್ನು ಉಳಿಸಿಕೊಳ್ಳಬೇಕೆಂಬ ಸಂಘಟನೆಯನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಆಂಗ್ಲಿಕನ್ ಕ್ರೈಸ್ತ ನಂಬಿಕೆಯನ್ನೂ ಬಿಡಲಿಲ್ಲ. ತಾವು ಸಲಿಂಗಿ ಎಂಬುದನ್ನು 1999ರಲ್ಲಿ ಬಹಿರಂಗಪಡಿಸಿದ ರೀತಿಯೂ ಅವರ ಸ್ವಭಾವಕ್ಕೆ ತಕ್ಕದ್ದೇ: ಗಣ್ಯರ ಪರಿಚಯ ಕೋಶದಲ್ಲಿ ಸಂಗಾತಿಯ ಜಾಗದಲ್ಲಿ, 1969ರಿಂದ ಜೊತೆಗಿದ್ದ ಯೋಹಾನ್ ವಾನ್ ವ್ಲೋಟೆನ್ ಅವರ ಹೆಸರು ಕೊಟ್ಟರು, ಅಷ್ಟೇ. 2002ರಲ್ಲಿ ಸೆನೆಟರ್ ಬಿಲ್ ಹೆಫರ್ನನ್ ಸಂಸತ್ತಿನ ರಕ್ಷಣೆಯಡಿ ಅವರ ಮೇಲೆ ಹೊರಿಸಿದ ಆರೋಪ ಖೋಟಾ ದಾಖಲೆಯನ್ನು ನೆಚ್ಚಿಕೊಂಡದ್ದೆಂದು ಬಯಲಾಯಿತು. ಹೆಫರ್ನನ್ ಕ್ಷಮೆ ಕೇಳಿದರು, ಕರ್ಬಿ ಕ್ಷಮಿಸಿದರು. ಆಸ್ಟ್ರೇಲಿಯದಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾದ ಮೇಲೆ, 2019ರಲ್ಲಿ, ಇಬ್ಬರೂ ಮದುವೆಯಾದರು.

ನಿವೃತ್ತಿಯ ನಂತರದ ದೊಡ್ಡ ಕೆಲಸ ಉತ್ತರ ಕೊರಿಯದ್ದು. ಅದಕ್ಕೂ ಮೊದಲು, 1993ರಿಂದ 1996ರವರೆಗೆ, ಅವರು ಕಾಂಬೋಡಿಯದ ಮಾನವ ಹಕ್ಕುಗಳಿಗಾಗಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದರು. 2013ರಲ್ಲಿ ವಿಶ್ವಸಂಸ್ಥೆ ಉತ್ತರ ಕೊರಿಯದ ತನಿಖಾ ಆಯೋಗಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ಆ ದೇಶ ಒಳಗೆ ಬಿಡಲಿಲ್ಲ. ಹಾಗಾಗಿ ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ ಬಹಿರಂಗ ವಿಚಾರಣೆ ನಡೆಯಿತು. ತಪ್ಪಿಸಿಕೊಂಡು ಬಂದವರೂ ಸೇರಿ 80ಕ್ಕೂ ಹೆಚ್ಚು ಮಂದಿ ಎಲ್ಲರೆದುರು ಸಾಕ್ಷ್ಯ ನುಡಿದರು. ಇನ್ನೂ ಸುಮಾರು 240 ಮಂದಿ ಗುಟ್ಟಾಗಿ ಹೇಳಿಕೆ ಕೊಟ್ಟರು. 2014ರ ಫೆಬ್ರುವರಿಯ ವರದಿ, ಅಲ್ಲಿ ಮಾನವತೆಯ ವಿರುದ್ಧ ಅಪರಾಧಗಳು ನಡೆದಿವೆ ಎಂದಿತು. ಡಿಸೆಂಬರಿನಲ್ಲಿ ಮಹಾಸಭೆ 116 ಮತಗಳ ಬೆಂಬಲದಿಂದ ನಿರ್ಣಯ ಅಂಗೀಕರಿಸಿತು. 20 ದೇಶಗಳು ವಿರೋಧಿಸಿದವು, 53 ತಟಸ್ಥವಾಗಿ ಉಳಿದವು. ಪ್ರಕರಣವನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಶಿಫಾರಸು ಈಡೇರಲಿಲ್ಲ. ಸಾಕ್ಷ್ಯ ಕಲೆಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ. ಅದಕ್ಕೆಂದೇ 2015ರಲ್ಲಿ ಸೋಲ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೊಂದು ತೆರೆಯಿತು.