ಮಂಡಿನೋವಿಗೆ ಮನೆಯಲ್ಲೇ ಮಾಡಬೇಕಾದ ಕೆಲಸ

"ಮಂಡಿ ಸವೆದು ಹೋಗಿದೆ ಸಿಸ್ಟರ್, ನಡೆದರೆ ಇನ್ನಷ್ಟು ಸವೆಯುತ್ತೆ." ಸ್ವಸಹಾಯ ಸಂಘಗಳ ಸಭೆಯಲ್ಲಿ ನಾವು ಈ ಮಾತು ಕೇಳದ ತಿಂಗಳಿಲ್ಲ. ಹೀಗೆಂದುಕೊಂಡು ಎಷ್ಟೋ ತಾಯಂದಿರು ಮೊದಲು ಸಂತೆಗೆ ಹೋಗುವುದನ್ನು, ಆಮೇಲೆ ಸಭೆಗೆ ಬರುವುದನ್ನೂ ಬಿಡುತ್ತಾರೆ. ಕೂತಲ್ಲೇ ಕೂತರೆ ತೊಡೆಯ ಸ್ನಾಯುಗಳು ಸೊರಗುತ್ತವೆ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ. ಆಸ್ಟಿಯೋಆರ್ಥ್ರೈಟಿಸ್ ಎಂಬ ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ನಿಜ. ಆದರೆ ಅದನ್ನು ಹಿಡಿತದಲ್ಲಿಡುವ ಕೆಲಸದ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ.

ಮೊದಲು ತೊಡೆಗೆ ಬಲ ಬರಬೇಕು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಹೆಚ್ಚೇ ಇದ್ದರೆ ಎಣಿಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮೈತೂಕ ಹೆಚ್ಚಿರುವವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ. ಊರುಗೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಹಿಡಿಯುತ್ತಾರೆ.

ವೈದ್ಯರ ಚೀಟಿಯಿಲ್ಲದೆ ನೋವಿನ ಮಾತ್ರೆ ತಂದು ದಿನಾ ನುಂಗುವವರಿದ್ದಾರೆ. ಅದರಿಂದ ಹೊಟ್ಟೆಹುಣ್ಣಾಗಬಹುದು, ಕಿಡ್ನಿಗೂ ಅಪಾಯ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಗೊತ್ತಿದ್ದೂ ಮಾಡುವುದಿಲ್ಲ, ಅಲ್ಲವೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ದಾದಿ 1970ರ ದಶಕದ ಕೊನೆಯಲ್ಲಿ ಕೀಲುನೋವಿನವರಿಗಾಗಿ ತರಗತಿ ಆರಂಭಿಸಿದರು. ಕಲಿಸಿದವರಲ್ಲಿ ಕೀಲುನೋವಿದ್ದ ಸಾಮಾನ್ಯ ಜನರೂ ಇದ್ದರು. ಯಾರು ಎಷ್ಟು ವ್ಯಾಯಾಮ ಮಾಡಿದರು ಎನ್ನುವುದಕ್ಕಿಂತ "ಇದು ನನ್ನಿಂದಾಗುತ್ತೆ" ಎಂಬ ಧೈರ್ಯ ಬೆಳೆದವರಿಗೇ ಹೆಚ್ಚು ಗುಣ ಕಂಡಿತು.

ಆ ಧೈರ್ಯ ಬರುವುದು ಸಣ್ಣ ಕೆಲಸದಿಂದ. "ನಡೆಯುತ್ತೇನೆ" ಎಂದರೆ ಸಾಲದು. "ಈ ವಾರ ನಾಲ್ಕು ದಿನ, ಬೆಳಗ್ಗೆ ಕಾಫಿಯ ನಂತರ, ಹಾಲಿನ ಡೈರಿವರೆಗೆ" ಎಂದು ತೀರ್ಮಾನಿಸಿ. ಆಗುತ್ತದೆಂಬ ಭರವಸೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುವಿರಿ? ಏಳಕ್ಕಿಂತ ಕಡಿಮೆಯಾದರೆ ದೂರ ಕಡಿಮೆ ಮಾಡಿ. ಮುಂದಿನ ವಾರ ಸಂಘದಲ್ಲಿ ವರದಿ ಒಪ್ಪಿಸಿ, ಉಳಿತಾಯದ ಲೆಕ್ಕ ಒಪ್ಪಿಸುವ ಹಾಗೆ.

ನಮ್ಮ ತಪ್ಪನ್ನೂ ಹೇಳಬೇಕು. ವರ್ಷಗಟ್ಟಲೆ ನಾವು ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿಯೇ ಸಭೆ ನಡೆಸಿದೆವು. ಏಳಲಾಗದವರು ನಾಚಿಕೊಂಡು ಬರುವುದನ್ನೇ ಬಿಟ್ಟಿದ್ದರು. ಈಗ ಗೋಡೆಯ ಬದಿಗೆ ಆರು ಕುರ್ಚಿ ಹಾಕಿಸಿದ್ದೇವೆ. ಅವರಲ್ಲಿ ಮೂವರು ಮತ್ತೆ ಬರುತ್ತಿದ್ದಾರೆ. ಕಾಲು ಚಾಚುವ ವ್ಯಾಯಾಮವನ್ನೂ ಅದೇ ಕುರ್ಚಿಯಲ್ಲಿ ಮಾಡುತ್ತಾರೆ.